ಗಾಜಿನ ಟ್ಯೂಬು, 20 ನಿಮಿಷ

ನೀಟ್‌ನಲ್ಲಿ ನನಗೆ 180 ಪ್ರಶ್ನೆ ಕೇಳಿದ್ದರು. ‘ನಿನಗೆ ಡಾಕ್ಟರಿಕೆ ಯಾಕೆ ಬೇಕು?’ ಅನ್ನೋದು ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಖಾಲಿ ಬಿಟ್ಟು ಬರುತ್ತಿದ್ದೆ. ರ‍್ಯಾಂಕ್ ಬಂತು, ಅಪ್ಪ ಬೀದಿಗೆಲ್ಲ ಪೇಡ ಹಂಚಿದರು, ಸೇರಿದೆ. ಆಮೇಲೆ ಯಾರಾದರೂ ಕೇಳಿದರೆ ಇರಲಿ ಅಂತ ‘ಜನಸೇವೆ’ ಅನ್ನೋ ಉತ್ತರವೊಂದನ್ನು ಎತ್ತಿಟ್ಟುಕೊಂಡಿದ್ದೆ, ಮದುವೆಗಷ್ಟೇ ಹಾಕುವ ಕೋಟಿನ ಹಾಗೆ.

ಮೊನ್ನೆ ಪಿಯುಸಿ ಓದುವ ಚಿಕ್ಕಪ್ಪನ ಮಗಳು ಅದನ್ನೇ ಕೇಳಿ ಮೆಸೇಜ್ ಹಾಕಿದಳು. ಕೋಟು ಹುಡುಕಿದೆ, ಸಿಕ್ಕಿದ್ದು ಬೇರೆ.

ಕಡ್ಡಾಯ ಗ್ರಾಮೀಣ ಸೇವೆಯ ಎರಡನೇ ತಿಂಗಳು, ಭತ್ತದ ಕೊಯ್ಲಿನ ಕಾಲ. ರಾತ್ರಿ ಒಂಬತ್ತರ ಸುಮಾರಿಗೆ ಹೆಂಗಸೊಬ್ಬರನ್ನು ಬೈಕಿನ ಮಧ್ಯೆ ಕೂರಿಸಿಕೊಂಡು ಬಂದರು. ಪಾದಕ್ಕೆ ಹಾವು ಕಚ್ಚಿತ್ತು. ಕೊಳಕುಮಂಡಲ ಅಂದ ಒಬ್ಬ. ಹೆಬ್ಬಾವಿನ ಮರಿ ಅಂದ ಇನ್ನೊಬ್ಬ. (ಮೈಮೇಲಿನ ಮಚ್ಚೆ ಕತ್ತಲಲ್ಲಿ ಎರಡಕ್ಕೂ ಒಂದೇ ಥರ ಕಾಣುತ್ತೆ, ಅವರ ತಪ್ಪಲ್ಲ.) ಕಣ್ಣೆವೆ ಜೋತುಬಿದ್ದಿರಲಿಲ್ಲ, ವಸಡಲ್ಲಿ ರಕ್ತ ಇರಲಿಲ್ಲ, ಪಾದ ಸ್ವಲ್ಪ ಊದಿತ್ತು ಅಷ್ಟೆ. 2 ಎಂಎಲ್ ರಕ್ತ ತೆಗೆದು, ಕೈಗೆ ಸಿಕ್ಕ ಪ್ಲಾಸ್ಟಿಕ್ ಟ್ಯೂಬಿಗೆ ಬಿಡಲು ಹೋದೆ.

“ಡಾಕ್ಟ್ರೇ, ಗಾಜಿಂದು,” ಅಂದರು ಸಿಸ್ಟರ್.

ಕೊಳಕುಮಂಡಲದ ವಿಷ ಏರಿದ್ದರೆ ರಕ್ತ ಹೆಪ್ಪುಗಟ್ಟಲ್ಲ, ನೋಡಬೇಕಿದ್ದದ್ದು ಅದನ್ನೇ. ಟ್ಯೂಬಿನಲ್ಲಿ ರಕ್ತ ಗಾಜಿನ ಗೋಡೆ ಮುಟ್ಟಿದರೇನೇ ಸರಿಯಾಗಿ ಹೆಪ್ಪುಗಟ್ಟಲು ಶುರು ಮಾಡೋದು. ಸೋಪುಪುಡಿಯಲ್ಲಿ ತೊಳೆದ ಟ್ಯೂಬು ಕೂಡ ಸುಳ್ಳು ಹೇಳುತ್ತೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅವರು ಮಾತ್ರ ಹೊಸ ಗಾಜಿನ ಟ್ಯೂಬುಗಳನ್ನು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಬೇರೆಯೇ ಎತ್ತಿಟ್ಟಿದ್ದರು.

ಆಮೇಲೆ 20 ನಿಮಿಷ ಟ್ಯೂಬನ್ನು ಅಲುಗಾಡಿಸದೆ ಕಾಯಬೇಕು. ಗಂಡ ಬಾಗಿಲಲ್ಲಿ ನಿಂತು, “ಸುಮ್ನೆ ಕೂತಿದ್ದೀರಲ್ಲ ಸಾರ್, ಇಂಜೆಕ್ಷನ್ ಕೊಡಿ” ಅಂತ ಅಳುತ್ತಿದ್ದ. ಹಾವಿನ ವಿಷ ಇಳಿಸುವ ಆ ಔಷಧ ಕುದುರೆಯ ರಕ್ತದಿಂದ ಬರೋದು, ಕೆಲವರ ಮೈ ಅದನ್ನು ತಡೆಯಲ್ಲ, ಬೇಕೇ ಬೇಕು ಅಂತ ಗೊತ್ತಾಗದೆ ಕೊಡುವ ಹಾಗಿಲ್ಲ. ಇದನ್ನು ಅವನಿಗೆ ಎರಡು ಸಲ ಹೇಳಿದೆ. ಔಷಧ ಮೈಗೆ ಒಗ್ಗದಿದ್ದರೆ ತಕ್ಷಣ ಕೊಡೋಕೆ ಇರಲಿ ಅಂತ ಅಡ್ರಿನಲಿನ್ ಸಿರಿಂಜಿಗೆ ತುಂಬಿಟ್ಟೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಅಷ್ಟು ಸದ್ದು ಮಾಡುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಟ್ಯೂಬು ಓರೆ ಮಾಡಿದೆ. ನೀರಿನ ಹಾಗೆ ಹರಿಯಿತು.

ಔಷಧದ ಹತ್ತು ಪುಟ್ಟ ಸೀಸೆ, ಸಲೈನಿನಲ್ಲಿ, ಒಂದು ಗಂಟೆ. ಸಿಸ್ಟರ್ ಪುಡಿ ಕರಗಿಸುವಾಗ ನೊರೆ ಬರದ ಹಾಗೆ ಮೆಲ್ಲಗೆ ತಿರುಗಿಸುತ್ತಿದ್ದರು, ನಾನು ನೋಡಿ ಕಲಿತೆ. ಆರು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದೆವು, ಮತ್ತೆ 20 ನಿಮಿಷ. ಹೊರಗೆ ಬೆಳಗಾಗುತ್ತಿತ್ತು. ಈ ಸಲ ಟ್ಯೂಬನ್ನು ಪೂರ್ತಿ ತಲೆಕೆಳಗು ಮಾಡಿದರೂ ಹೆಪ್ಪು ತಳ ಬಿಡಲಿಲ್ಲ, ರಾತ್ರಿ ಹೆಪ್ಪು ಹಾಕಿದ ಗಟ್ಟಿ ಮೊಸರಿನ ಹಾಗೆ. ನಾನು ಅದನ್ನು ಹಾಗೇ ಹಿಡಿದುಕೊಂಡು ವಾರ್ಡಿನಲ್ಲೆಲ್ಲ ಓಡಾಡಿದೆನಂತೆ. ಸಿಸ್ಟರ್ ಈಗಲೂ ಅದನ್ನು ಹೇಳಿ ನಗುತ್ತಾರೆ.

ಚಿಕ್ಕಪ್ಪನ ಮಗಳಿಗೆ ಇಷ್ಟೆಲ್ಲ ಟೈಪ್ ಮಾಡಿದೆ. “ಅಂದ್ರೆ ಯಾಕೆ ಅಂತ ಹೇಳ್ಲೇ ಇಲ್ವಲ್ಲ ಅಣ್ಣ” ಅಂತ ಬಂತು. ಉತ್ತರ ಹಾಕಿಲ್ಲ. ಡಬ್ಬಿಯಲ್ಲಿ ನಾಲ್ಕೇ ಟ್ಯೂಬು ಉಳಿದಿವೆ, ಮೊದಲು ಹೊಸದು ಕಳಿಸಿ ಅಂತ ಇಂಡೆಂಟ್ ಬರೆಯಬೇಕು.