ಮಳೆಗಾಲದ ಜೀಪು ಬಾಡಿಗೆಗೆ ಪೇಂಟ್‌ಬಾಲ್: ನಮ್ಮ ತಂಡದ ಈ ವರ್ಷದ ಲೆಕ್ಕ

ಜೂನ್ ಮೊದಲ ವಾರ. ಮುಂಗಾರು ಹಿಡಿದಿದೆ, ನಮ್ಮ ಪೇಂಟ್‌ಬಾಲ್ ಆಟ ನಿಂತಿದೆ, ಜೀಪುಗಳು ಓಡಲು ಆರಂಭಿಸಿವೆ. ಈ ಮೂರೂ ಒಂದೇ ವಾರದಲ್ಲಿ ಆಗಬೇಕೆಂದೇ ಕಳೆದ ವರ್ಷ ಕುಳಿತು ಯೋಜನೆ ಹಾಕಿದ್ದೆವು. ಜನವರಿಯಿಂದ ಮೇ ತನಕ ಆಡುವುದು, ಆಡುತ್ತ ಹಣ ಸಂಗ್ರಹಿಸುವುದು, ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಹಣದಲ್ಲಿ ಡಯಾಲಿಸಿಸ್ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ದು ಮನೆಗೆ ಮುಟ್ಟಿಸುವುದು. ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಸೌದೆ ಕೂಡಿಡುತ್ತಾರಲ್ಲ, ಅದೇ ಕ್ರಮ.

ಹೊಸದಾಗಿ ಓದುವವರಿಗೆ ಪರಿಚಯ: ಪೇಂಟ್‌ಬಾಲ್ ಎಂದರೆ ಬಣ್ಣ ತುಂಬಿದ ಗುಂಡು ಹೊಡೆದು ಎದುರಾಳಿಗಳನ್ನು ಔಟ್ ಮಾಡುವ ತಂಡದ ಆಟ. ಆಡುವವರು ನಾವು ಐದು ಮಂದಿ. ಗೋಣಿಕೊಪ್ಪಲಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಸಿದ್ದಾಪುರದ ಕಡೆಯ ಎಸ್ಟೇಟ್ ಒಂದರ ರೈಟರ್ (ಲೆಕ್ಕ ಬರೆಯುವವನು), ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದ ಹುಡುಗಿ, ಒಬ್ಬ ಲಾರಿ ಚಾಲಕ, ಮತ್ತು ರೊಬಸ್ಟಾ ತೋಟ ನೋಡಿಕೊಳ್ಳುವ ನಾನು. ಕಾಫಿ ಕೊಯ್ಲು ನಡೆಯುವಾಗ ಯಾರೂ ಸಿಗುವುದಿಲ್ಲ. ಹಾಗಾಗಿ ಜನವರಿ ಎಂದರೂ ನಿಜವಾದ ಅಭ್ಯಾಸ ಫೆಬ್ರವರಿಯಲ್ಲೇ.

ಡಯಾಲಿಸಿಸ್ ವಿಷಯ ನಮ್ಮೊಳಗೆ ಬಂದದ್ದು ಲಾರಿ ಚಾಲಕನ ತಂದೆಯಿಂದ. ಅವರ ಮನೆ ಶ್ರೀಮಂಗಲದಿಂದಲೂ ಒಳಗೆ. ಬಡ ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಆ ದೊಡ್ಡ ಹೊರೆ ಇಳಿಯಿತು. ಉಳಿದದ್ದು ದಾರಿಯ ಖರ್ಚು. ಮೂತ್ರಪಿಂಡ ಪೂರ್ತಿ ಕೈಕೊಟ್ಟವರು ವಾರಕ್ಕೆ ಎರಡು ಅಥವಾ ಮೂರು ಸಲ ಹೋಗಲೇಬೇಕು. ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ಮುಗಿಸಿ ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಸ್ಸಿನ ಕಂಬಿ ಹಿಡಿದು ಜೋತಾಡುವಂತಿಲ್ಲ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ. ಮಳೆಗಾಲದಲ್ಲಿ ಮರ ಬಿದ್ದು ಬಸ್ ನಿಲ್ಲುತ್ತದೆ, ಬರೆ ಜರಿದು ರಸ್ತೆ ಮುಚ್ಚುತ್ತದೆ. 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊದಲ ವರ್ಷ ನಾವು ಒಂದೇ ದೊಡ್ಡ ಮೊತ್ತ ಕೂಡಿಸಿ ಒಂದೇ ದಿನ ಕೊಟ್ಟು ಫೋಟೊ ತೆಗೆಸಿಕೊಂಡಿದ್ದೆವು. ಕೊಟ್ಟದ್ದು ಒಳ್ಳೆಯದೇ. ಆದರೆ ಕಾಯಿಲೆ ವಾರಕ್ಕೆ ಮೂರು ಸಲ ಬಾಗಿಲು ತಟ್ಟುತ್ತದೆ. ಟೂರ್ನಿಯ ಹಣ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಈ ಅಂತರ ತುಂಬುವುದೇ ಈ ವರ್ಷದ ಕೆಲಸವಾಯಿತು.

ಲೆಕ್ಕ ಹೀಗೆ. ಶ್ರೀಮಂಗಲ ಕಡೆಯಿಂದ ವಿರಾಜಪೇಟೆಗೆ ಒಂದು ಜೀಪು, ಹೋಗಿಬರಲು 1,200 ರೂಪಾಯಿ, ವಾರಕ್ಕೆ ಮೂರು ದಿನ. ನಾಪೋಕ್ಲು ಕಡೆಯಿಂದ ಮಡಿಕೇರಿಗೆ ಇನ್ನೊಂದು, 1,000 ರೂಪಾಯಿ, ವಾರಕ್ಕೆ ಎರಡು ದಿನ. ಹದಿನೇಳು ವಾರಕ್ಕೆ ಒಟ್ಟು 95,200 ರೂಪಾಯಿ. ಒಂದೊಂದು ಜೀಪಿನಲ್ಲಿ ಒಂದೇ ದಾರಿಯ ರೋಗಿಗಳು ಒಟ್ಟಿಗೆ ಹೋಗುತ್ತಾರೆ. ಆಸ್ಪತ್ರೆಯವರು ಅವರ ಸರದಿಯನ್ನು ಒಂದೇ ದಿನಕ್ಕೆ ಹೊಂದಿಸಿಕೊಟ್ಟರು. ಅದು ನಮಗೆ ಸಿಕ್ಕ ದೊಡ್ಡ ಸಹಾಯ.

ಫೆಬ್ರವರಿ

ಭತ್ತದ ಕೊಯ್ಲು ಮುಗಿದ ಗದ್ದೆ ನಮ್ಮ ಮೈದಾನ. ಟೂರ್ನಿಗಳಲ್ಲಿ ಆಟಗಾರರು ಮರೆಗೆ ನಿಲ್ಲುವ, ಗಾಳಿ ತುಂಬಿದ ಬಂಕರ್‌ಗಳಿರುತ್ತವೆ, ಅವುಗಳ ಬೆಲೆ ನಮ್ಮ ಕೈಗೆ ಎಟುಕುವುದಲ್ಲ. ಗೋಣಿ ಚೀಲಗಳಿಗೆ ಕಾಫಿ ಹೊಟ್ಟು ತುಂಬಿ ಒಂದರ ಮೇಲೊಂದು ಪೇರಿಸಿದೆವು. ಮೈದಾನದ ಒಂದು ಬದಿಯಲ್ಲಿ ತೆವಳಿಕೊಂಡು ಹೋಗುವಂತೆ ಉದ್ದಕ್ಕೆ, ತಗ್ಗಾಗಿ ಇರುವ ಬಂಕರ್ ಸಾಲಿಗೆ ಸ್ನೇಕ್ ಎನ್ನುತ್ತಾರೆ. ಆ ಜಾಗದಲ್ಲಿ ನಮಗೆ ಗದ್ದೆಯ ಬದುವೇ ಸಾಕಾಯಿತು. ಬದುವಿನ ಪಕ್ಕ ಎದೆಯೂರಿ ತೆವಳಿ ಅಭ್ಯಾಸ ಮಾಡಿದವರಿಗೆ ಟೂರ್ನಿಯ ಮೆತ್ತನೆಯ ಹುಲ್ಲು ಸುಖವೆನಿಸುತ್ತದೆ. ಸಂಜೆ ಐದಕ್ಕೆ ಅಭ್ಯಾಸ ನಿಲ್ಲಿಸಲೇಬೇಕು. ಸಿದ್ದಾಪುರ, ಮಾಲ್ದಾರೆ ಕಡೆ ಆನೆ ಇಳಿಯುವ ಹೊತ್ತು ಅದು. ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದ ದಿನ ಮಧ್ಯಾಹ್ನವೇ ಚೀಲ ಕಟ್ಟುತ್ತೇವೆ.

ಈ ಆಟದ ಹುಟ್ಟು ತೋಟದವರಿಗೆ ಹತ್ತಿರದ್ದು. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ, ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲೆಂದು ಮಾರುತ್ತಿದ್ದ ಸಾಧನವೇ ಮೊದಲ ಮಾರ್ಕರ್, ಅಂದರೆ ಬಣ್ಣದ ಗುಂಡು ಹೊಡೆಯುವ ಬಂದೂಕು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಎಂಬಲ್ಲಿ ಹನ್ನೆರಡು ಮಂದಿ ಅದನ್ನು ಹಿಡಿದು ಕಾಡಿಗಿಳಿದು ಬಾವುಟ ಸಂಗ್ರಹಿಸುವ ಆಟ ಆಡಿದರು. ಗೆದ್ದವನು ಅರಣ್ಯ ವೃತ್ತಿಯವನು, ಒಂದೂ ಗುಂಡು ಹೊಡೆಯದೆ ಗೆದ್ದ. ನಮ್ಮ ಅರಣ್ಯ ಕಾಲೇಜಿನ ಹುಡುಗಿಗೆ ಈ ಕಥೆ ಬಲು ಪ್ರಿಯ. ಮುಂಚೂಣಿಯಲ್ಲಿ ಓಡುವವಳು ಅವಳೇ. ಹೊಡೆಯುವುದಕ್ಕಿಂತ ಜಾಗ ಹಿಡಿಯುವುದು ಮುಖ್ಯ ಎಂಬ ಅವಳ ಹಟವೇ ಈಗ ಇಡೀ ತಂಡದ ಆಟ. ಗುಂಡಿನ ಖರ್ಚೂ ಅದರಿಂದ ಇಳಿದಿದೆ.

ಏಪ್ರಿಲ್

ಒಂದು ಊರಿನ ಕ್ರೀಡಾಕೂಟದಲ್ಲಿ ಮಳಿಗೆ ಹಾಕಿದೆವು. ಕೊಡಗಿನಲ್ಲಿ ಬೇಸಿಗೆ ಎಂದರೆ ಆಟದ ಕಾಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ, 60 ತಂಡಗಳಿಂದ ಹೊರಟು 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿತು. ಆಟ ನೋಡಲು ಜನ ಮೈದಾನಕ್ಕೆ ಬರುವ ಈ ರೂಢಿಯೇ ನಮ್ಮಂಥ ಸಣ್ಣ ತಂಡಗಳಿಗೂ ಆಧಾರ.

ಮಳಿಗೆಯಲ್ಲಿ ಮರದ ಚೌಕಟ್ಟಿಗೆ ತೆಂಗಿನಕಾಯಿ ತೂಗು ಹಾಕಿದ್ದೆವು. ಐವತ್ತು ರೂಪಾಯಿಗೆ ಮೂರು ಗುಂಡು. ತೆಂಗಿನಕಾಯಿಗೆ ಗುಂಡು ಹೊಡೆಯುವುದು ಇಲ್ಲಿಯವರ ಕೈಗೆ ಹಳೆಯದು. ಒಬ್ಬರು ಅಜ್ಜ ಬಂದು ಮಾರ್ಕರನ್ನು ಹಿಂದೆ ಮುಂದೆ ತೂಗಿ ನೋಡಿದರು. ಮುಖವಾಡ ಬೇಡವೆಂದರು, ನಮ್ಮ ಹುಡುಗಿ, "ಅಜ್ಜ, ಮುಖವಾಡ ಹಾಕದೆ ಯಾರಿಗೂ ಕೊಡುವುದಿಲ್ಲ" ಎಂದಳು. ಹಾಕಿಕೊಂಡರು. ಮೊದಲ ಗುಂಡು ಕಾಯಿಯ ಕೆಳಗೆ ಒಂದು ಗೇಣು ತಗ್ಗಿ ಹೋಯಿತು. ಅಜ್ಜ ಮಾರ್ಕರ್ ಇಳಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಪಾಯಿಂಟ್ ಟೂಟೂ ರೈಫಲಿನ ಗುಂಡು ಸೆಕೆಂಡಿಗೆ ಮುನ್ನೂರು ಮೀಟರಿಗೂ ಮೀರಿ ಹೋಗುತ್ತದೆ. ನಮ್ಮದು ಹೆಚ್ಚೆಂದರೆ ತೊಂಬತ್ತು. ದುಂಡಗಿನ ಗುಂಡು, ಬೇಗ ಬಾಗಿ ಬೀಳುತ್ತದೆ. "ಇದು ಬೀಳುತ್ತದೆ ಮಗಳೇ" ಎಂದು ಅಜ್ಜ ತಾವೇ ಕಂಡುಕೊಂಡು ಕಾಯಿಯ ಜುಟ್ಟಿನ ಮೇಲಕ್ಕೆ ಗುರಿ ಹಿಡಿದರು. ಎರಡನೆಯದೂ ಮೂರನೆಯದೂ ಒಂದೇ ಜಾಗದಲ್ಲಿ ಒಡೆದು ಹಳದಿ ಬಣ್ಣ ಜುಟ್ಟಿನಿಂದ ಕೆಳಗೆ ಇಳಿಯಿತು. ಆಮೇಲೆ ಜೀಪಿನ ವಿಷಯ ಕೇಳಿ, ಎಷ್ಟು ರೋಗಿಗಳು, ಯಾವ ದಾರಿ, ಚಾಲಕ ಯಾರು ಎಂದೆಲ್ಲ ವಿಚಾರಿಸಿ, ಮಳೆಗಾಲ ಮುಗಿಯುವ ತನಕ ತಿಂಗಳಿಗೆ ಐನೂರು ಕೊಡುವುದಾಗಿ ಹೆಸರು ಬರೆಸಿದರು. ತಿಂಗಳ ವಂತಿಗೆ ಎಂಬ ದಾರಿ ತೆರೆದದ್ದು ಅಲ್ಲೇ. ಅಲ್ಲಿಯ ತನಕ ಯಾರನ್ನೂ ಹಾಗೆ ಕೇಳಿರಲಿಲ್ಲ.

ಮೇ

ಬೆಂಗಳೂರಿನಲ್ಲಿ ಐದು ಮಂದಿಯ ತಂಡಗಳ ಟೂರ್ನಿ. ಅದಕ್ಕೆ ಮೊದಲು ಗುಂಡುಗಳ ವಿಷಯ ಬರೆಯಬೇಕು, ಏಕೆಂದರೆ ಕೊಡಗಿನಲ್ಲಿ ಈ ಆಟ ಆಡುವವರು ಯಾರೇ ಆಗಲಿ ಇದನ್ನು ಎದುರಿಸುತ್ತಾರೆ. ಪೇಂಟ್‌ಬಾಲ್ ಗುಂಡು 0.68 ಇಂಚು, ಸುಮಾರು 17 ಮಿಲಿಮೀಟರ್. ಹೊರಗಿನ ಚಿಪ್ಪು ಜೆಲಟಿನ್, ಔಷಧಿಯ ಕ್ಯಾಪ್ಸೂಲಿನದೇ ವಸ್ತು. ಒಳಗೆ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಬಣ್ಣ, ನೀರಿನಲ್ಲಿ ತೊಳೆದುಹೋಗುವಂಥದ್ದು. ಜೆಲಟಿನ್ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಉಬ್ಬಿದ ಗುಂಡು ಬ್ಯಾರೆಲಿನೊಳಗೇ ಒಡೆಯುತ್ತದೆ. ಒಮ್ಮೆ ಒಳಗೆ ಬಣ್ಣ ಮೆತ್ತಿತೆಂದರೆ ಮುಂದಿನ ಗುಂಡುಗಳೆಲ್ಲ ಸೊಟ್ಟಗೆ ಹೋಗುತ್ತವೆ. ಆಟದ ನಡುವೆ ಬ್ಯಾರೆಲ್ ಒರೆಸುತ್ತ ಕುಳಿತವನು ಔಟಾದಂತೆಯೇ.

ಪರೀಕ್ಷೆ ಸುಲಭ. ಬ್ಯಾರೆಲ್ ಬಿಚ್ಚಿ ಹಿಂಬದಿಯಿಂದ ಒಂದು ಗುಂಡು ಇಡಬೇಕು. ತಾನಾಗಿ ಉರುಳಿ ಹೊರಬಿದ್ದರೆ ಗುಂಡು ಸಣ್ಣದು. ಬಾಯಿಂದ ಊದಿದಾಗ ಸಲೀಸಾಗಿ ಹೊರಬಂದರೆ ಸರಿಯಾದ ಅಳತೆ. ಕೆನ್ನೆ ಉಬ್ಬಿಸಿ ಊದಿದರೂ ಅಲುಗದಿದ್ದರೆ ಅದು ಕೊಡಗಿನ ಗಾಳಿ ಕುಡಿದ ಗುಂಡು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ನಂತರ ನಮ್ಮ ಅರ್ಧ ಪೆಟ್ಟಿಗೆ ಹಾಗಾಗಿತ್ತು. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡೋಣವೆಂದು ರೈಟರ್ ಹೇಳಿದ. ಒಣಗಿರುವ ಜಾಗ ನಿಜ, ಆದರೆ ಬಿಸಿಗೆ ಗುಂಡು ಮೆತ್ತಗಾಗಿ ಒಂದು ಬದಿ ಚಪ್ಪಟೆಯಾಗುತ್ತದೆ. ಕಡೆಗೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಂಪಾದ ಕೋಣೆ. ಚೀಲಗಳನ್ನು ಆಗಾಗ ತಿರುಗಿಸಿ ಇಡುವ ಜವಾಬ್ದಾರಿ ಮೊಬೈಲ್ ಅಂಗಡಿಯವನದು. ಅವನಷ್ಟು ಶ್ರದ್ಧೆ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ.

ಟೂರ್ನಿಯಲ್ಲಿ ಮೊದಲ ಪಂದ್ಯ ಸೋತೆವು, ನಂತರ ಎರಡು ಗೆದ್ದೆವು, ಕ್ವಾರ್ಟರ್ ಫೈನಲ್‌ನಲ್ಲಿ ಹೊರಬಿದ್ದೆವು. ಎರಡನೆಯ ಪಂದ್ಯದಲ್ಲಿ ಲಾರಿ ಚಾಲಕ ಹಿಂದಿನಿಂದ ಒಂದೇ ಸಾಲಿಗೆ ಎಡೆಬಿಡದೆ ಹೊಡೆದು ಎದುರಾಳಿಗಳನ್ನು ಬಂಕರ್ ಬಿಡದಂತೆ ಹಿಡಿದಿಟ್ಟ. ಅಷ್ಟರಲ್ಲಿ ಹುಡುಗಿ ಸ್ನೇಕ್ ಸೇರಿ ತುದಿಯ ತನಕ ತೆವಳಿ ಇಬ್ಬರನ್ನು ಪಕ್ಕದಿಂದ ತೆಗೆದಳು. ಕ್ವಾರ್ಟರ್ ಫೈನಲ್ ತಂಡ ನಮಗಿಂತ ಒಳ್ಳೆಯ ತಂಡ. ಅವರ ಓಟದ ಹೊಂದಾಣಿಕೆ ನಮಗೆ ಇನ್ನೂ ಬಂದಿಲ್ಲ.

ಪಾಯಿಂಟಿಗೆ ಇಷ್ಟು ಎಂದು ದಾನಿಗಳು ಒಪ್ಪಿದ ವಾಗ್ದಾನದ ಹಣವನ್ನು ಈ ಸಲ ಗೆದ್ದ ಪಾಯಿಂಟಿಗೆ ಕಟ್ಟಲಿಲ್ಲ, ಆಡಿದ ಪಾಯಿಂಟಿಗೆ ಕಟ್ಟಿದೆವು. ಇದು ನನ್ನ ಒತ್ತಾಯ. ನಾಣ್ಯದಗಲ ಬಣ್ಣ ಮೈಮೇಲೆ ಒಡೆದರೆ ಆಟಗಾರ ಕೈ ಎತ್ತಿ ಹೊರಗೆ ಬರಬೇಕು. ಅದನ್ನು ಒರೆಸಿ ಮುಂದುವರಿಯುವುದು ಈ ಆಟದ ಅತಿ ಕೆಟ್ಟ ಅಪರಾಧ. ಒರೆಸಿದವನ ಜೊತೆಗೆ ಅವನ ತಂಡದವರನ್ನೂ ಹೊರಗೆ ಕಳುಹಿಸುವ ನಿಯಮ ಹಲವು ಟೂರ್ನಿಗಳಲ್ಲಿದೆ. ಗೆದ್ದರೆ ಮಾತ್ರ ಹಣ ಎಂದಾದರೆ ಒರೆಸುವ ಆಸೆ ಹುಟ್ಟುತ್ತದೆ. ರೋಗಿಯ ಜೀಪು ಬಾಡಿಗೆ ಗೆಲುವಿನ ಮೇಲೆ ನಿಂತಿದೆ ಎಂಬ ಭಾರವನ್ನು ಇಪ್ಪತ್ತರ ಹರೆಯದ ಆಟಗಾರನ ತಲೆಯ ಮೇಲೆ ಹೊರಿಸಬಾರದು.

ಈಗ, ಜೂನ್

ಟೂರ್ನಿಯ ವಾಗ್ದಾನದಿಂದ 38,500, ಮಳಿಗೆಯಿಂದ 21,300, ತಿಂಗಳ ವಂತಿಗೆಯವರು ಸೆಪ್ಟೆಂಬರ್ ತನಕ ಒಪ್ಪಿದ್ದು 21,200. ಒಟ್ಟು 81,000. ಇನ್ನೂ 14,200 ಬೇಕು. ಹಣ ನಮ್ಮ ಯಾರ ಖಾತೆಗೂ ಬರುವುದಿಲ್ಲ. ನೋಂದಾಯಿತ ಟ್ರಸ್ಟ್ ಒಂದಕ್ಕೆ ನೇರವಾಗಿ ಹೋಗುತ್ತದೆ, ರಸೀದಿ ಅವರೇ ಕೊಡುತ್ತಾರೆ. ಗುಂಡು, ಪ್ರಯಾಣ, ಪ್ರವೇಶ ಶುಲ್ಕ, ಜೆರ್ಸಿ ಎಲ್ಲ ನಮ್ಮ ಜೇಬಿನಿಂದ. ಈ ಎರಡು ಪುಸ್ತಕಗಳು ಎಂದಿಗೂ ಒಂದಾಗಬಾರದು ಎಂಬುದರಲ್ಲಿ ತಂಡದ ಐವರಿಗೂ ಒಂದೇ ಮಾತು.

ಮೊದಲ ವಾರದ ಓಡಾಟ ಮುಗಿದಿದೆ. ವಿರಾಜಪೇಟೆಯ ಜೀಪು ಒಂದು ದಿನ ಬಿದ್ದ ಮರದಿಂದಾಗಿ ಒಳರಸ್ತೆಯಲ್ಲಿ ಸುತ್ತಿ ಹೋಗಬೇಕಾಯಿತು. ಚಾಲಕ ಬೆಳಿಗ್ಗೆಯೇ ದಾರಿ ವಿಚಾರಿಸಿ ಅರ್ಧ ಗಂಟೆ ಮೊದಲು ಹೊರಟದ್ದರಿಂದ ಸರದಿ ತಪ್ಪಲಿಲ್ಲ. ಹಿಂದಿನ ಸೀಟಿಗೆ ದಪ್ಪ ಹಾಸಿಗೆ ಬೇಕೆಂದು ಅವರೇ ಹೇಳಿದ್ದಾರೆ. ವಾಪಸು ಬರುವಾಗ ಒರಗಿ ಮಲಗಲು ರೋಗಿಗಳಿಗೆ ಜಾಗ ಬೇಕು, ಸೂಜಿ ಚುಚ್ಚಿದ ಕೈ ಬಾಗಿಲಿಗೆ ತಾಗಬಾರದು. ಈ ವಾರ ಅದನ್ನು ಹೊಲಿಸುತ್ತಿದ್ದೇವೆ.

ಕಡಿಮೆ ಬಿದ್ದ ಹಣಕ್ಕೆ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಸಮಯದಲ್ಲಿ ಇನ್ನೊಂದು ಮಳಿಗೆ ಹಾಕುತ್ತೇವೆ. ಆಗ ಗಾಳಿಯಲ್ಲಿ ತೇವ ಇನ್ನೂ ಇರುವುದರಿಂದ ಹಳೆಯ ಗುಂಡು ಬಳಸುವುದಿಲ್ಲ, ಹಬ್ಬದ ಹಿಂದಿನ ವಾರ ಹೊಸ ಪೆಟ್ಟಿಗೆ ತರಿಸುತ್ತೇವೆ. ಅಷ್ಟರೊಳಗೆ ಮಾರ್ಕರಿಗೆ ಒತ್ತಡ ಕೊಡುವ ಎರಡು ಗಾಳಿ ಸಿಲಿಂಡರ್‌ಗಳನ್ನು ಒತ್ತಡ ಪರೀಕ್ಷೆಗೆ ಬೆಂಗಳೂರಿಗೆ ಕಳುಹಿಸಬೇಕು; ಐದು ವರ್ಷದ ಅವಧಿ ಜುಲೈಯಲ್ಲಿ ಮುಗಿಯುತ್ತದೆ. ಲಾರಿ ಹದಿನೈದರಂದು ಆ ಕಡೆ ಹೋಗುತ್ತದೆ, ಅದರಲ್ಲೇ ಹಾಕಿ ಕಳುಹಿಸುವುದೆಂದು ನಿಶ್ಚಯವಾಗಿದೆ.