ಎರಡು ಡಾಂಗಲ್, ಒಂದೇ ಡ್ರಾಯರ್

ಇವತ್ತು ಖಾತೆ ಕೆಲಸಕ್ಕೆ ಪಂಚಾಯ್ತಿ ಆಫೀಸಿಗೆ ಹೋಗಿದ್ದೆ. ಆಪರೇಟರ್ ಹುಡುಗ ಡ್ರಾಯರ್ ಎಳೆದ. ಒಳಗೆ ಎರಡು ಡಾಂಗಲ್, ಕಂಪ್ಯೂಟರಿಗೆ ಚುಚ್ಚಿ ಡಿಜಿಟಲ್ ಸಹಿ ಹಾಕುವ ಪೆನ್‌ಡ್ರೈವ್‌ನಂಥವು. ಒಂದಕ್ಕೆ ಬಿಳಿ ಟೇಪ್ ಸುತ್ತಿ ನೀಲಿ ಪೆನ್ನಲ್ಲಿ 'ಪಿಡಿಒ' (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅಂತ ಬರೆದಿತ್ತು. ಇನ್ನೊಂದರ ಮೇಲೆ 'ಅಧ್ಯಕ್ಷರು'. ಪಾಸ್‌ವರ್ಡ್ ಕೂಡ ಅಲ್ಲೇ, ಒಂದು ಚೀಟಿಯಲ್ಲಿ.

ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು.

ಹಣಕಾಸು ಆಯೋಗದ ಲೆಕ್ಕದಲ್ಲಿ ಪಂಚಾಯ್ತಿಗೆ ಬರುವ ದುಡ್ಡು ಖರ್ಚಾಗಬೇಕಾದರೆ ಇಬ್ಬರ ಡಿಜಿಟಲ್ ಸಹಿ ಬೇಕು. ಒಬ್ಬರು ಬಿಲ್ ಹಾಕಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಮೊದಲು ಚೆಕ್ಕಿಗೆ ಇಬ್ಬರ ಸಹಿ ಇತ್ತಲ್ಲ, ಹಾಗೆ. ಸರ್ಕಾರಿ ಖಜಾನೆಯ ಭದ್ರ ಕೋಣೆಗೂ ಎರಡು ಬೀಗ. ಎರಡು ಕೀ, ಇಬ್ಬರ ಹತ್ತಿರ.

ಹುಡುಗ ಒಳ್ಳೆಯವನು, ಅನುಮಾನವಿಲ್ಲ. ಆದರೆ ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಅವನೇ, ಅಲ್ವಾ? ಅಧ್ಯಕ್ಷರಂತೂ ಮೊದಲ ಸಲ ಗೆದ್ದು ಬಂದ ಹೆಣ್ಣುಮಗಳು. ತಮ್ಮ ಸಹಿ ಯಾವ ಬಿಲ್ಲಿಗೆ ಬಿತ್ತು ಅಂತ ಅವರಿಗೆ ಗೊತ್ತಾದರೂ ಹೇಗೆ?

1996ರಲ್ಲಿ ಬಯಲಾದ ಬಿಹಾರದ ಮೇವು ಹಗರಣ ನೆನಪಾಯಿತು. ದನದ ಮೇವಿನ ಹೆಸರಲ್ಲಿ ಸುಳ್ಳು ಬಿಲ್ ಹಾಕಿ ಖಜಾನೆಯ ದುಡ್ಡು ಎತ್ತಿದ್ದರು. ಅಲ್ಲೂ ಬಿಲ್ ಇತ್ತು, ಸಹಿ ಇತ್ತು, ಖಜಾನೆಯೂ ಇತ್ತು. ತಡೆಯಬೇಕಾದವರು ತಡೆಯಲಿಲ್ಲ.

ಹೊರಡುವಾಗ ಮೆಲ್ಲಗೆ ಹೇಳಿದೆ, "ತಮ್ಮಾ, ಮೇಡಂ ಡಾಂಗಲ್ ಮೇಡಂ ಕೈಗೇ ಕೊಟ್ಟುಬಿಡಪ್ಪ."

"ಆಯ್ತಕ್ಕ" ಅಂದ. ಡ್ರಾಯರ್ ಮುಚ್ಚಿದ.