ಹಳೇ ಕ್ರೌನ್ ಪಿನಿಯನ್ ಗುಜರಿಗೆ ಹಾಕುವ ಮೊದಲು

ಆಟಿ ತಿಂಗಳ ಮಳೆಗೆ ನಮ್ಮ ತೋಡು ತುಂಬಿದರೆ ದಾಟುವುದು ಜೀಪು ಒಂದೇ. ಈ ಸಲ ದಾಟಿದ ಮೂರನೇ ದಿನ ಹಿಂದಿನ ಆಕ್ಸಲಿನ ಹೌಸಿಂಗಿನಿಂದ ಗುಂಯ್ ಎಂದು ಶಬ್ದ ಶುರುವಾಯಿತು. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ದಾಟಿಸುವ ಪಿನಿಯನ್ ಎಂಬ ಸಣ್ಣ ಗೇರು, ಕ್ರೌನ್ ಎಂಬ ದೊಡ್ಡ ಗೇರು ಕೂತಿರುವ ಪೆಟ್ಟಿಗೆ ಅದು. ಡ್ರೇನ್ ಬೋಲ್ಟ್ ಬಿಚ್ಚಿದೆ. ಗೇರ್ ಆಯಿಲ್ ಹಾಲು ಹಾಕಿದ ಚಾದ ಹಾಗೆ ಇಳಿಯಿತು. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಆಡಲು ಇರುವ ಸಣ್ಣ ತೂತು, ಅಂದರೆ ಬ್ರೀದರ್, ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ನನ್ನ ಬ್ರೀದರ್ ತುಂಬ ಕೆಂಪು ಮಣ್ಣು ಇತ್ತು.

ಕಾಸರಗೋಡಿನ ಮುಳ್ಳೇರಿಯ, ಆದೂರು, ಬಂದಡ್ಕ ಕಡೆಯ ಗುಡ್ಡೆಗಳಲ್ಲಿ ಹಳೇ ಮಹೀಂದ್ರ ಜೀಪು ಇನ್ನೂ ದುಡಿಯುತ್ತಿದೆ. ಅಡಿಕೆ ಗೋಣಿ, ಗೊಬ್ಬರ, ಕೆಲಸದವರು ಎಲ್ಲ ಅದರಲ್ಲೇ. ಜೀಪು ನಿಂತರೆ ತೋಟದ ಕೆಲಸ ನಿಂತ ಹಾಗೆ. ಭಾವ ಬಂದು ನೋಡಿದವರೇ, "ಸುಮ್ನೆ ಹೊಸ ಸೆಟ್ ಹಾಕಿಬಿಡಿ ಭಾವ, ತಲೆಬಿಸಿ ಯಾಕೆ?" ಎಂದರು.

ನಮ್ಮ ಮೆಕ್ಯಾನಿಕ್ಕನ್ನು ಊರಲ್ಲಿ ಎಲ್ಲರೂ ಆಶಾನ್ ಎಂದೇ ಕರೆಯುತ್ತೇವೆ, ಮಲಯಾಳದಲ್ಲಿ ಗುರು ಎಂದರ್ಥ. ಅವರು ಹೌಸಿಂಗಿನ ಕವರ್ ತೆಗೆದರು. ಆದರೆ ಕೂಡಲೇ ಏನೂ ಬಿಚ್ಚಲಿಲ್ಲ. ಕ್ರೌನ್ ವೀಲಿನ ಒಂದು ಹಲ್ಲಿಗೆ ಡಯಲ್ ಗೇಜ್ ತಾಗಿಸಿ, ಪಿನಿಯನ್ ಅಲ್ಲಾಡದ ಹಾಗೆ ನನ್ನ ಕೈಲಿ ಹಿಡಿಸಿ, ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲ, ಎಷ್ಟು ಉಂಟೆಂದು ನಾಲ್ಕು ಕಡೆ ಅಳೆದರು. 0.30 ಮಿಲಿಮೀಟರ್ ಆಸುಪಾಸು. ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು. ಹಳೇ ಗೇರು ವಾಪಸ್ ಹಾಕುವ ಆಲೋಚನೆ ಇದ್ದರೆ ಈ ಅಳತೆ ಬಿಚ್ಚುವ ಮೊದಲೇ ಬೇಕು. ಬಿಚ್ಚಿದ ಮೇಲೆ ಅದು ಮತ್ತೆ ಸಿಗುವುದಿಲ್ಲ.

ಬೇರಿಂಗ್ ಕ್ಯಾಪುಗಳಿಗೆ ಎಡ ಬಲ ತಪ್ಪದಂತೆ ಪಂಚಿನಲ್ಲಿ ಗುರುತು. ಎಡಬದಿಯ ಶಿಮ್ಮುಗಳು (ಸಂದಿ ಹೊಂದಿಸಲು ಇಡುವ ತೆಳು ಲೋಹದ ಹಾಳೆಗಳು) ಒಂದು ಡಬ್ಬಿಗೆ, ಬಲಬದಿಯವು ಇನ್ನೊಂದಕ್ಕೆ. ಪಿನಿಯನ್ ಶಿಮ್ಮಿಗೆ ಬೇರೆಯೇ ಡಬ್ಬಿ.

ಆಮೇಲೆ ಹಲ್ಲು ನೋಡುವ ಕೆಲಸ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಓರೆ ಹಿಡಿದು ಒಂದೊಂದೇ ಹಲ್ಲು. ಕನ್ನಡಿಯ ಹಾಗೆ ನುಣುಪಾಗಿ ಸವೆದಿದ್ದರೆ ಹೆದರಿಕೆ ಇಲ್ಲ. ಉಗುರು ಎಳೆದಾಗ ಸಣ್ಣ ಕುಳಿಗೆ ಸಿಕ್ಕಿದರೆ, ಅಂಚು ಚಕ್ಕೆ ಎದ್ದಿದ್ದರೆ, ಕಾದು ನೀಲಿಗಟ್ಟಿದ್ದರೆ ಆ ಗೇರು ಮುಗಿಯಿತು. ಈ ಹಲ್ಲುಗಳ ಹೊರ ಚರ್ಮ ಮಾತ್ರ ಗಟ್ಟಿ, ಒಳಗೆ ಮೆತ್ತಗೆ. ಚರ್ಮ ಒಡೆದರೆ ಮತ್ತೆ ಬೇಗ ಹೋಗುತ್ತದೆ. ತಿಕ್ಕಿ ಸರಿಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ನನ್ನ ಜೀಪಿನ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಅಂದರೆ 5.38ರ ರೇಷಿಯೋ, ಪಿನಿಯನ್ ಅಷ್ಟು ಸುತ್ತು ತಿರುಗಿದರೆ ಕ್ರೌನ್ ಒಂದು ಸುತ್ತು. 43ನ್ನೂ 8ನ್ನೂ ಸರಿಯಾಗಿ ಭಾಗಿಸುವ ಸಂಖ್ಯೆ 1 ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ 43 ಹಲ್ಲುಗಳನ್ನು ಸರದಿಯಲ್ಲಿ ಮುಟ್ಟಿ ಬರುತ್ತದೆ. ಎಲ್ಲ ಹಲ್ಲು ಸಮನಾಗಿ ಸವೆಯುವುದು ಇದರಿಂದಲೇ. ಒಂದೇ ಒಂದು ಹಲ್ಲು ಮುರಿದರೂ ಉಳಿದವನ್ನೆಲ್ಲ ಕೆಡಿಸುವುದೂ ಇದರಿಂದಲೇ. ಈ ಲೆಕ್ಕ ತಿಳಿದ ದಿನ ನನಗೆ ತುಂಬ ಖುಷಿಯಾಗಿತ್ತು. ಹಳೇ ಜೀಪುಗಳಲ್ಲಿ 39ಕ್ಕೆ 8ರ ಸೆಟ್ ಕೂಡ ಸಿಗುತ್ತದೆ. ಹಿಂದೆ ಒಂದು ರೇಷಿಯೋ, ಮುಂದೆ ಇನ್ನೊಂದು ಹಾಕಿ ಫೋರ್‌ವೀಲ್ ಎಳೆದರೆ ಗಟ್ಟಿ ನೆಲದಲ್ಲಿ ಎರಡು ಆಕ್ಸಲ್ ಒಂದಕ್ಕೊಂದು ಜಗ್ಗಾಡುತ್ತವೆ. ಎಣಿಸದೆ ಖರೀದಿ ಮಾಡಬೇಡಿ.

ಎಲ್ಲ ಹಲ್ಲು ನೋಡಿ ಮುಗಿಸಿ ಆಶಾನ್ ಮಲಯಾಳದಲ್ಲಿ ಹೇಳಿದ್ದು ಎರಡೇ ಶಬ್ದ: "ಪಳಯದು ಮದಿ." ಹಳತೇ ಸಾಕು. ಹಾಳಾದದ್ದು ಬೇರಿಂಗು ಮಾತ್ರ. ಅದರ ರೋಲರುಗಳಲ್ಲಿ ತುಕ್ಕಿನ ಚುಕ್ಕೆ ಎದ್ದಿತ್ತು. ಶಬ್ದ ಬರುತ್ತಿದ್ದದ್ದೂ ಅಲ್ಲಿಂದಲೇ.

ನಾನು ಅವರ ಮಾತು ಕೂಡಲೇ ಒಪ್ಪಲು ಕಾರಣ ಉಂಟು. ನಾಲ್ಕು ವರ್ಷದ ಹಿಂದೆ ಮಾವನ ಜೀಪಿಗೆ ಒಂದು ಗುಜರಿ ಅಂಗಡಿಯಿಂದ ಕ್ರೌನ್ ಪಿನಿಯನ್ ತಂದಿದ್ದೆವು. ಎರಡನ್ನೂ ಒಂದೇ ತಂತಿಯಲ್ಲಿ ಕಟ್ಟಿ, ಒಂದೇ ಸೆಟ್ ಎಂದು ಕೊಟ್ಟರು. ಎರಡೂ ನೋಡಲು ಚೆನ್ನಾಗಿದ್ದವು. ಹಾಕಿದ ದಿನದಿಂದಲೇ ಕೂಗಾಟ. ಶಿಮ್ ಎಷ್ಟು ಬದಲಿಸಿದರೂ ನಿಲ್ಲಲಿಲ್ಲ. ಒಂದು ತಿಂಗಳಲ್ಲಿ ಪಿನಿಯನ್ನಿನ ಹಲ್ಲು ಚಕ್ಕೆ ಎದ್ದಿತು. ಬಿಚ್ಚಿ ನೋಡಿದರೆ ಪಿನಿಯನ್ನಿನ ತಲೆಯ ಮೇಲೆ ಒಂದು ನಂಬರು, ಕ್ರೌನಿನ ಅಂಚಿನಲ್ಲಿ ಬೇರೆ. ಕಂಪನಿಯಲ್ಲಿ ಈ ಎರಡನ್ನೂ ಜೋಡಿಯಾಗಿ ಉಜ್ಜಿ ಹೊಂದಿಸಿ, ಅದಕ್ಕೇ ಒಂದೇ ನಂಬರು ಕೊರೆದಿರುತ್ತಾರೆ. ಮಾವ ಬೈಯಲಿಲ್ಲ. ಆ ವರ್ಷ ಅವರ ಅಡಿಕೆ ಬಾಡಿಗೆ ಗಾಡಿಯಲ್ಲಿ ಹೋಯಿತು. ಇವತ್ತಿಗೂ ಅದು ನನಗೆ ಬೇಸರವೇ.

ವಾಪಸ್ ಕೂಡಿಸುವಾಗ ಒಂದು ವಿಷಯಕ್ಕೆ ಭಾವನಿಗೂ ನನಗೂ ಜಾಸ್ತಿ ಚರ್ಚೆ ಆಯಿತು. ಹೊಸ ಸೆಟ್ಟಿಗೆ ಪ್ಲೇ ಸಾಮಾನ್ಯವಾಗಿ 0.13ರಿಂದ 0.23 ಮಿಲಿಮೀಟರ್ ಇಡುತ್ತಾರೆ. ನಮ್ಮದು 0.30. ಕಡಿಮೆ ಮಾಡಬೇಕಲ್ವಾ ಎಂದು ಭಾವ ಕೇಳಿದರು. ಬೇಡ. ಈ ಹಲ್ಲುಗಳು ಇಷ್ಟು ವರ್ಷ ಒಂದೇ ಜಾಗದಲ್ಲಿ ತಾಗಿ ಸವೆದಿವೆ. ಹತ್ತಿರ ತಂದರೆ ಸವೆಯದ ಏಣು ಸವೆದ ಜಾಗಕ್ಕೆ ಒತ್ತುತ್ತದೆ, ಕೂಗಲು ಶುರುವಾಗುತ್ತದೆ. ಹಳೇ ಗೇರಿಗೆ ಹಳೇ ಪ್ಲೇ, ಪಿನಿಯನ್ನಿಗೆ ಹಳೇ ಆಳ. ಹಳೇ ಶಿಮ್ಮನ್ನೇ ಹಾಕಿ ಶುರು ಮಾಡಿದೆವು. ಆದರೂ ಹೊಸ ಬೇರಿಂಗಿನ ದಪ್ಪ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಅದಕ್ಕೇ ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ, ಹಲ್ಲು ಎಲ್ಲಿ ತಾಗಿ ಅಚ್ಚು ಬೀಳುತ್ತದೆಂದು ನೋಡಬೇಕು. ಮೊದಲ ಸಲ ಅಚ್ಚು ಹಲ್ಲಿನ ಬುಡಕ್ಕೆ ಇಳಿದಿತ್ತು, ಅಂದರೆ ಪಿನಿಯನ್ ಕ್ರೌನಿಗೆ ಜಾಸ್ತಿ ಹತ್ತಿರ ಕೂತಿತ್ತು. ಪಿನಿಯನ್ ಶಿಮ್ಮಿನಿಂದ ಒಂದು ತೆಳು ಹಾಳೆ ತೆಗೆದೆವು. ಎರಡನೇ ಸಲ ಹಳೇ ಹೊಳಪಿನ ಮೇಲೆಯೇ ಅಚ್ಚು ಕೂತಿತು. ಆಶಾನ್ ಬೀಡಿ ಹಚ್ಚಿದರು.

ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸ್ಟಾರ್ ಗೇರಿನ ವಾಷರುಗಳನ್ನು ಹೊಸತು ಹಾಕಿಸಿದೆ. ಕ್ಲಚ್ ಬಿಡುವಾಗ ಬರುತ್ತಿದ್ದ ಟಕ್ ಶಬ್ದ ಅರ್ಧ ಕಡಿಮೆ ಆಯಿತು. ಬ್ರೀದರಿಗೆ ಉದ್ದ ಪೈಪು ಸಿಕ್ಕಿಸಿ, ಸೀಟಿನ ಎತ್ತರಕ್ಕೆ ಕಟ್ಟಿದ್ದೇನೆ.

500 ಕಿಲೋಮೀಟರ್ ಓಡಿಸಿ ಮೊನ್ನೆ ಆಯಿಲ್ ಇಳಿಸಿದೆ. ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬೋಗುಣಿಯಲ್ಲಿ ಆಡಿಸಿದೆ. ಕಾಡಿಗೆಯಂಥ ನಯ ಪುಡಿ ಸ್ವಲ್ಪ ಅಂಟಿತು. ಬೆರಳಲ್ಲಿ ತಿಕ್ಕಿ ನೋಡಿದೆ, ಚೂರು ಏನೂ ಸಿಗಲಿಲ್ಲ. ಹೊಸ 90ರ ಆಯಿಲ್ ತುಂಬಿಸಿ ಬೋಲ್ಟ್ ಬಿಗಿ ಮಾಡಿದೆ.